ಬೇಲಿ ಮತ್ತು ಹೊಲ: ಪ್ಯೂರಿಟನ್ನರು ಕಾದ ನಂಬಿಕೆ

1637ರ ನವೆಂಬರ್ ತಿಂಗಳು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಆಗಲೇ ಚಳಿ ಬಿಗಿಯಾಗಿತ್ತು. ಬಾಸ್ಟನ್ ಪಟ್ಟಣದಿಂದ ಚಾರ್ಲ್ಸ್ ನದಿಯ ಆಚೆಗಿದ್ದ ನ್ಯೂಟೌನ್ ಎಂಬ ಊರಿನ ಪ್ರಾರ್ಥನಾ ಮಂದಿರದಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ನಲವತ್ತರಷ್ಟು ಮಂದಿ ಅಧಿಕಾರಿಗಳೂ ಪ್ರತಿನಿಧಿಗಳೂ ನ್ಯಾಯಸಭೆಯಾಗಿ ಕುಳಿತಿದ್ದರು. ಪಕ್ಕದಲ್ಲಿ ಕಪ್ಪು ನಿಲುವಂಗಿಯ ಬೋಧಕರು. ಎದುರಿಗೆ ಒಬ್ಬ ಹೆಂಗಸು ನಿಂತಿದ್ದರು. ವಯಸ್ಸು ನಲವತ್ತಾರು. ಹದಿನೈದು ಮಕ್ಕಳನ್ನು ಹೆತ್ತ ತಾಯಿ. ಊರಿನ ಹೆಂಗಸರ ಹೆರಿಗೆಗೆ ನೆರವಾಗುತ್ತಿದ್ದ ಅನುಭವಸ್ಥೆ. ನಿಂತು ನಿಂತು ಮುಖ ಬಾಡಿದ ಮೇಲೆ ಆಕೆಗೆ ಕುಳಿತುಕೊಳ್ಳಲು ಅಪ್ಪಣೆಯಾಯಿತು.

ಆಕೆಯ ಹೆಸರು ಆ್ಯನ್ ಹಚಿನ್ಸನ್. ಕದ್ದಿರಲಿಲ್ಲ, ಯಾರನ್ನೂ ಹೊಡೆದಿರಲಿಲ್ಲ. ಆದರೂ ಎರಡು ದಿನಗಳ ವಿಚಾರಣೆಯ ಕೊನೆಯಲ್ಲಿ ಆಕೆಯನ್ನು ವಸಾಹತಿನಿಂದಲೇ ಗಡೀಪಾರು ಮಾಡಬೇಕೆಂಬ ತೀರ್ಪು ಬಂತು. ತಾವು ಕಾಯುತ್ತಿದ್ದ ಸತ್ಯವನ್ನು ಸುಳ್ಳು ಬೋಧನೆಯಿಂದ ಈಕೆ ಕೆಡಿಸುತ್ತಿದ್ದಾಳೆ ಎಂಬುದು ಅಲ್ಲಿ ಕುಳಿತವರ ದೃಢವಾದ ನಂಬಿಕೆಯಾಗಿತ್ತು. ಇಂಥ ಭಯ ಅವರಿಗೆ ಏಕೆ ಬಂತು, ಅದಕ್ಕೆ ಅವರು ಕಟ್ಟಿದ ಬೇಲಿ ಎಂಥದು, ಆ ಬೇಲಿ ಏನನ್ನು ಉಳಿಸಿತು, ಏನನ್ನು ಕಳೆಯಿತು ಎಂಬ ಕಥೆ ಕ್ರೈಸ್ತರಿಗಷ್ಟೇ ಅಲ್ಲ, ಯಾವುದೇ ನಂಬಿಕೆಯನ್ನು ಜೋಪಾನವಾಗಿ ಮಕ್ಕಳ ಕೈಗೆ ಕೊಡಬಯಸುವ ಎಲ್ಲರಿಗೂ ಪಾಠವಾಗುವಂಥದು.

ಯಾರು ಈ ಪ್ಯೂರಿಟನ್ನರು?

ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚು ರೋಮಿನ ಪೋಪರ ಅಧಿಕಾರದಿಂದ ಬಿಡಿಸಿಕೊಂಡಿತು. ಆದರೆ ಆ ಬಿಡುಗಡೆ ಅರ್ಧಕ್ಕೇ ನಿಂತಿದೆ, ಹಳೆಯ ಆಚರಣೆಗಳ ಕಸ ಇನ್ನೂ ಗುಡಿಸಿಲ್ಲ ಎಂದು ಅಸಮಾಧಾನಪಟ್ಟವರು ಹಲವರಿದ್ದರು. ಚರ್ಚನ್ನು ಪೂರ್ತಿ ಶುದ್ಧಗೊಳಿಸಬೇಕು ಎಂದು ಪಟ್ಟು ಹಿಡಿದ ಅವರನ್ನು ಹಾಸ್ಯ ಮಾಡಲು ವಿರೋಧಿಗಳು ಇಟ್ಟ ಹೆಸರು ‘ಪ್ಯೂರಿಟನ್’, ಎಂದರೆ ಶುದ್ಧಿವಾದಿ. ಬೈಗುಳವಾಗಿ ಬಂದದ್ದು ಹೆಸರಾಗಿ ಉಳಿಯಿತು.

ಅವರ ತಳಪಾಯ ಒಂದೇ: ಸತ್ಯವೇದ, ಅಂದರೆ ಬೈಬಲ್. ರಾಜನಾಗಲಿ, ಬಿಷಪ್ಪನಾಗಲಿ, ಬಹುಕಾಲದ ಸಂಪ್ರದಾಯವಾಗಲಿ ಅದಕ್ಕಿಂತ ಮೇಲಲ್ಲ. ಮನುಷ್ಯನ ಆತ್ಮ ರಕ್ಷಣೆ ಹೊಂದುವುದೋ ನಾಶವಾಗುವುದೋ ಎಂಬುದು ಸರಿಯಾದ ನಂಬಿಕೆಯನ್ನು ಅವಲಂಬಿಸಿದೆ. ಆದ್ದರಿಂದ ತಪ್ಪು ಬೋಧನೆ ಅವರ ದೃಷ್ಟಿಯಲ್ಲಿ ಬರೀ ಅಭಿಪ್ರಾಯಭೇದವಲ್ಲ. ಔಷಧಿಯ ಸೀಸೆಯಲ್ಲಿ ವಿಷ ತುಂಬಿ ಮಾರುವವನನ್ನು ಊರು ಹೇಗೆ ಕಾಣುತ್ತದೆಯೋ ಹಾಗೆ ಅವರು ಸುಳ್ಳು ಬೋಧಕನನ್ನು ಕಾಣುತ್ತಿದ್ದರು. ವಿಷದಿಂದ ಸಾಯುವುದು ದೇಹ. ಸುಳ್ಳು ಬೋಧನೆಯಿಂದ ಸಾಯುವುದು ಆತ್ಮ. ಈ ಮಾತನ್ನು ಒಪ್ಪದವರು ಕೂಡ, ಅವರ ಭಯ ಪ್ರಾಮಾಣಿಕವಾಗಿತ್ತು ಎಂಬುದನ್ನು ಮರೆತರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಬೇಲಿಯ ಒಳಸುತ್ತು

ಪ್ಯೂರಿಟನ್ನರು ಕಟ್ಟಿದ ಬೇಲಿಗೆ ಹಲವು ಸುತ್ತುಗಳಿದ್ದವು. ಮೊದಲನೆಯದು ಓದು. ಬೆರೋಯ ಎಂಬ ಊರಿನ ಜನ ಅಪೊಸ್ತಲ ಪೌಲನ ಮಾತನ್ನು ಕೂಡ ಹಾಗೆಯೇ ನುಂಗದೆ, ಅದು ನಿಜವೋ ಎಂದು ದಿನವೂ ಶಾಸ್ತ್ರಗ್ರಂಥದೊಡನೆ ಹೋಲಿಸಿ ನೋಡುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಹೇಳಿದೆ. ಪ್ಯೂರಿಟನ್ ಬೋಧಕರಿಗೆ ಇದು ಅಚ್ಚುಮೆಚ್ಚಿನ ಉದಾಹರಣೆ. ಪೌಲನನ್ನೇ ಪರೀಕ್ಷಿಸಬಹುದಾದರೆ ಊರಿನ ಬೋಧಕನದೇನು? ಹೀಗಾಗಿ ಪ್ರಸಂಗ ಕೇಳುವಾಗ ಟಿಪ್ಪಣಿ ಬರೆದುಕೊಳ್ಳುವುದು, ಮನೆಗೆ ಬಂದು ಮಕ್ಕಳು ಆಳುಗಳೊಂದಿಗೆ ಅದನ್ನು ಮೆಲುಕು ಹಾಕುವುದು ಅವರ ಮನೆಗಳಲ್ಲಿ ರೂಢಿಯಾಯಿತು.

ಎರಡನೆಯದು ಕಲಿತ ಬೋಧಕ. ಹೀಬ್ರೂ, ಗ್ರೀಕ್ ತಿಳಿಯದವನು ಗ್ರಂಥದ ಅರ್ಥವನ್ನು ತಿರುಚುವವನಿಗೆ ಉತ್ತರ ಕೊಡಲಾರ ಎಂಬುದು ಅವರ ವಾದ. 1630ರಲ್ಲಿ ಜಾನ್ ವಿಂತ್ರಪ್ ನಾಯಕತ್ವದಲ್ಲಿ ಹಡಗು ಹತ್ತಿ ಬಂದು ಬಾಸ್ಟನ್ನಿನಲ್ಲಿ ನೆಲೆಸಿದವರು, ಇನ್ನೂ ಕಾಡು ಕಡಿದು ಮನೆ ಕಟ್ಟಿಕೊಳ್ಳುತ್ತಿರುವಾಗಲೇ, 1636ರಲ್ಲಿ ಒಂದು ಕಾಲೇಜಿಗೆ ಹಣ ಮಂಜೂರು ಮಾಡಿದರು. ಈಗಿನ ಬೋಧಕರು ಮಣ್ಣಾದ ಮೇಲೆ ಓದು ಬಾರದವರ ಕೈಗೆ ಸಭೆಗಳು ಸಿಕ್ಕಬಾರದು ಎಂಬುದೇ ಅದರ ಉದ್ದೇಶ. ಅದೇ ಇಂದು ಜಗತ್ಪ್ರಸಿದ್ಧವಾಗಿರುವ ಹಾರ್ವರ್ಡ್ ವಿಶ್ವವಿದ್ಯಾಲಯ.

ಮೂರನೆಯದು ಪ್ರಶ್ನೋತ್ತರ ಪಾಠ. ನಂಬಿಕೆಯ ಸಾರವನ್ನು ಪ್ರಶ್ನೆ ಮತ್ತು ಉತ್ತರಗಳ ರೂಪದಲ್ಲಿ ಕಲಿಸುವ ಪದ್ಧತಿ ಇದು. 1643ರಿಂದ ಲಂಡನ್ನಿನಲ್ಲಿ ಸೇರಿದ ವೆಸ್ಟ್‌ಮಿನ್‌ಸ್ಟರ್ ಸಭೆ ಸಿದ್ಧಪಡಿಸಿದ ಕಿರಿಯ ಪ್ರಶ್ನೋತ್ತರದಲ್ಲಿ 107 ಪ್ರಶ್ನೆಗಳಿವೆ. ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಪಟ್ಟಣದ ಬೋಧಕ ರಿಚರ್ಡ್ ಬ್ಯಾಕ್ಸ್‌ಟರ್ ಈ ಕೆಲಸಕ್ಕೆ ವಾರದಲ್ಲಿ ಎರಡು ದಿನಗಳನ್ನೇ ಮೀಸಲಿಟ್ಟಿದ್ದ. ಅವನ ಪಾಲಿಗಿದ್ದ ಕುಟುಂಬಗಳು 800ಕ್ಕೂ ಹೆಚ್ಚು. ಅವನೂ ಅವನ ಸಹಾಯಕನೂ ವಾರಕ್ಕೆ ಹದಿನೈದು ಹದಿನಾರು ಕುಟುಂಬಗಳಂತೆ, ವರ್ಷದೊಳಗೆ ಎಲ್ಲರೊಡನೆಯೂ ಕುಳಿತು ಮಾತನಾಡುತ್ತಿದ್ದರು. ವರ್ಷಗಟ್ಟಲೆ ಪ್ರಸಂಗ ಕೇಳಿಯೂ ಏನೂ ತಿಳಿಯದವನಿಗೆ ಅರ್ಧ ಗಂಟೆಯ ಖಾಸಗಿ ಮಾತಿನಲ್ಲಿ ತಿಳಿವಳಿಕೆ ಮೂಡುವುದನ್ನು ಬ್ಯಾಕ್ಸ್‌ಟರ್ ಕಂಡಿದ್ದ. 1656ರಲ್ಲಿ ಅವನು ಬೋಧಕರಿಗಾಗಿ ಬರೆದ ಪುಸ್ತಕದಲ್ಲಿ ಈ ಅನುಭವ ದಾಖಲಾಗಿದೆ.

ನಾಲ್ಕನೆಯದು ಸಭಾಶಿಸ್ತು. ತಪ್ಪಿದವನಿಗೆ ಮೊದಲು ಒಬ್ಬನೇ ಹೋಗಿ ಬುದ್ಧಿ ಹೇಳಬೇಕು. ಕೇಳದಿದ್ದರೆ ಇಬ್ಬರು ಮೂವರು ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಯ ಮುಂದಿಡಬೇಕು. ಕಡೆಗೆ ಸಭೆಯಿಂದ ಹೊರಗಿಡಬೇಕು. ಇದು ಮತ್ತಾಯನ ಸುವಾರ್ತೆಯ ಕ್ರಮ.

ಇಲ್ಲಿಗೆ ನಿಂತಿದ್ದರೆ ಬೇಲಿಯ ಕಥೆ ಬೇರೆಯಾಗುತ್ತಿತ್ತು. ಆದರೆ ಐದನೆಯ ಸುತ್ತೊಂದಿತ್ತು. ಅದು ಸರಕಾರದ ಕೈ: ದಂಡ, ಚಾಟಿ, ಗಡೀಪಾರು, ಕಡೆಗೆ ನೇಣು.

ಎಲೆಯೋ ಬೇರೋ?

ಆ್ಯನ್ ಹುಟ್ಟಿದ್ದು 1591ರಲ್ಲಿ, ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದ ಆಲ್ಫರ್ಡ್‌ನಲ್ಲಿ. ತಂದೆ ಫ್ರಾನ್ಸಿಸ್ ಮಾರ್ಬರಿ ಪಾದ್ರಿ. ಚರ್ಚಿನ ಮೇಲಧಿಕಾರಿಗಳನ್ನು ಟೀಕಿಸಿ ಶಿಕ್ಷೆ ಅನುಭವಿಸಿದವನು. ಎದುರು ಪ್ರಶ್ನೆ ಕೇಳುವ ಗುಣ ಮಗಳಿಗೆ ಮನೆಯಲ್ಲೇ ಬಂದಿತ್ತು. ಅವರು ಬಹುವಾಗಿ ಮೆಚ್ಚಿದ್ದ ಬೋಧಕ ಜಾನ್ ಕಾಟನ್ 1633ರಲ್ಲಿ ಬಾಸ್ಟನ್ನಿಗೆ ವಲಸೆ ಹೋದಾಗ, ಮರುವರ್ಷ ಆ್ಯನ್ ಕೂಡ ಗಂಡ ವಿಲಿಯಂ ಮತ್ತು ಮಕ್ಕಳೊಂದಿಗೆ ಹಡಗು ಹತ್ತಿದರು.

ಬಾಸ್ಟನ್ನಿನಲ್ಲಿ ಅವರ ಮನೆಯಲ್ಲಿ ವಾರವಾರ ಹೆಂಗಸರ ಕೂಟ ಸೇರತೊಡಗಿತು. ಭಾನುವಾರದ ಪ್ರಸಂಗವನ್ನು ನೆನಪಿಸಿಕೊಂಡು ಚರ್ಚಿಸುವುದೇ ಕೂಟದ ಕೆಲಸ. ಪ್ಯೂರಿಟನ್ನರು ಕಲಿಸಿದ್ದೇ ಅದಲ್ಲವೇ? ಕೂಟ ಬೆಳೆದು ಅರವತ್ತು, ಎಂಬತ್ತು ಜನ ಸೇರಿದರು. ಗಂಡಸರೂ ಬಂದರು. ಇಂಗ್ಲೆಂಡಿನಿಂದ ಬಂದು ಗವರ್ನರ್ ಆಗಿದ್ದ ತರುಣ ಹೆನ್ರಿ ವೇನ್ ಕೂಡ ಆಕೆಯ ಪಕ್ಷ ವಹಿಸಿದ. ಮೆಲುಕು ಹಾಕುವುದು ಮೆಲ್ಲನೆ ವಿಮರ್ಶೆಯಾಯಿತು.

ವಿವಾದ ಸೂಕ್ಷ್ಮವಾದದ್ದು. ಮನುಷ್ಯನಿಗೆ ರಕ್ಷಣೆ ದೊರಕುವುದು ದೇವರ ಕೃಪೆಯಿಂದಲೇ ಹೊರತು ಸತ್ಕ್ರಿಯೆಗಳಿಂದಲ್ಲ ಎಂಬುದರಲ್ಲಿ ಎಲ್ಲ ಪ್ಯೂರಿಟನ್ನರೂ ಒಂದೇ. ಹಾಗಾದರೆ ತನಗೆ ಆ ಕೃಪೆ ದೊರಕಿದೆ ಎಂದು ಒಬ್ಬನಿಗೆ ತಿಳಿಯುವುದು ಹೇಗೆ? ಬಾಳು ಸುಧಾರಿಸಿರುವುದನ್ನು ನೋಡಿ ತಿಳಿಯಬಹುದು ಎಂದರು ಹೆಚ್ಚಿನ ಬೋಧಕರು. ಎಲೆ ಹಸುರಾಗಿದ್ದರೆ ಬೇರು ಬದುಕಿದೆ ಎಂದು ರೈತ ಹೇಳುವಂತೆ. ಆ್ಯನ್ ಇದನ್ನು ಒಪ್ಪಲಿಲ್ಲ. ಹಸುರೆಲೆಯನ್ನು ಕಾಗದದಲ್ಲೂ ಮಾಡಬಹುದು. ಕಪಟಿಯೂ ಸಜ್ಜನನಂತೆ ನಡೆಯಬಲ್ಲ. ಎಲೆಯನ್ನೇ ಎಣಿಸುತ್ತ ಕುಳಿತರೆ ಜನ ಮತ್ತೆ ಕ್ರಿಯೆಗಳ ಮೇಲೆ ಭಾರ ಹಾಕುತ್ತಾರೆ. ಒಳಗೆ ಪವಿತ್ರಾತ್ಮ ಕೊಡುವ ಸಾಕ್ಷಿಯೇ ನಿಜವಾದ ಸಾಕ್ಷಿ ಎಂಬುದು ಆಕೆಯ ನಿಲುವಿನ ಸಾರ. ಅಲ್ಲಿಂದ ಮುಂದಿನ ಹೆಜ್ಜೆ ಕಠಿಣವಾಗಿತ್ತು. ಕಾಟನ್ ಮತ್ತು ಆಕೆಯ ಸಂಬಂಧಿ ಜಾನ್ ವೀಲ್‌ರೈಟ್ ಇವರಿಬ್ಬರನ್ನು ಬಿಟ್ಟು ಉಳಿದ ಬೋಧಕರು ಕೃಪೆಯ ಒಡಂಬಡಿಕೆಯ ಬದಲು ಕ್ರಿಯೆಯ ಒಡಂಬಡಿಕೆಯನ್ನು ಸಾರುತ್ತಿದ್ದಾರೆ ಎಂಬ ಮಾತು ಊರೆಲ್ಲ ಹರಡಿತು.

ಬೋಧಕರಿಗೆ ಇದು ಎರಡು ಕಡೆಯಿಂದ ಅಪಾಯವಾಗಿ ಕಂಡಿತು. ನಡತೆ ಸಾಕ್ಷಿಯಲ್ಲ ಎಂದ ಮೇಲೆ ಜನ ನೀತಿನಿಯಮವನ್ನೇ ಬಿಟ್ಟಾರು. ಬೋಧಕರೇ ಸುಳ್ಳು ಎಂದ ಮೇಲೆ ಸಭೆಗಳು ಒಡೆದಾವು.

ವಿಚಾರಣೆ

1637ರ ಬೇಸಗೆಯ ಕೊನೆಯಲ್ಲಿ ಬೋಧಕರ ಮಹಾಸಭೆ ಸೇರಿ 82 ತಪ್ಪು ಅಭಿಪ್ರಾಯಗಳ ಪಟ್ಟಿ ಮಾಡಿ ಖಂಡಿಸಿತು. ಅಷ್ಟರಲ್ಲಿ ವೇನ್ ಚುನಾವಣೆಯಲ್ಲಿ ಸೋತು ಇಂಗ್ಲೆಂಡಿಗೆ ಮರಳಿದ್ದ; ವಿಂತ್ರಪ್ ಮತ್ತೆ ಗವರ್ನರ್ ಆಗಿದ್ದ. ನವೆಂಬರಿನ ನ್ಯಾಯಸಭೆಯಲ್ಲಿ ಆರೋಪ ಹೊರಿಸಿದವನೂ ಅವನೇ, ತೀರ್ಪು ಹೇಳಿದವನೂ ಅವನೇ.

ಮೊದಲ ದಿನ ಆ್ಯನ್ ಒಂದೊಂದು ಪ್ರಶ್ನೆಗೂ ಗ್ರಂಥದಿಂದಲೇ ಉತ್ತರ ಕೊಟ್ಟರು. ಮನೆಯಲ್ಲಿ ಕೂಟ ನಡೆಸಲು ಏನು ಆಧಾರ ಎಂದಾಗ, ಹಿರಿಯ ಸ್ತ್ರೀಯರು ಕಿರಿಯರಿಗೆ ಬುದ್ಧಿ ಹೇಳಲಿ ಎಂಬ ತೀತನ ಪತ್ರಿಕೆಯ ಮಾತನ್ನು ಮುಂದಿಟ್ಟರು. ದೂರು ಹೇಳುವ ಬೋಧಕರು ಪ್ರಮಾಣ ಮಾಡಿ ಸಾಕ್ಷಿ ನುಡಿಯಲಿ ಎಂದು ಕೇಳಿದರು. ಕಾಟನ್‌ನ ಸಾಕ್ಷಿ ಕೂಡ ಆಕೆಗೆ ಅನುಕೂಲವಾಗಿಯೇ ಬಂತು. ಆರೋಪ ಸಡಿಲವಾಗುತ್ತಿತ್ತು.

ಆಗ ಆ್ಯನ್ ತಾವಾಗಿಯೇ ಮಾತು ಮುಂದುವರಿಸಿದರು. ಯಾರ ಬೋಧನೆ ನಿಜ, ಯಾರದು ಸುಳ್ಳು ಎಂಬುದನ್ನು ದೇವರು ತಮ್ಮ ಆತ್ಮಕ್ಕೆ ನೇರವಾಗಿ ತಿಳಿಸಿದ್ದಾನೆ ಎಂದರು. ಸಿಂಹಗಳ ಗುಹೆಯಿಂದ ದಾನಿಯೇಲನನ್ನು ಬಿಡಿಸಿದ ದೇವರು ತಮ್ಮನ್ನೂ ಬಿಡಿಸುವನು, ಹಿಂಸಿಸಿದವರ ಸಂತತಿಗೆ ಕೇಡು ಬರುವುದು ಎಂದರು. ಸಭೆ ಬೆಚ್ಚಿತು. ವಿಂತ್ರಪ್‌ಗೆ ಬೇಕಾದದ್ದು ಸಿಕ್ಕಿತ್ತು.

ಇಲ್ಲಿ ಎರಡು ಪಕ್ಷದ ತೂಕವನ್ನೂ ನ್ಯಾಯವಾಗಿ ನೋಡಬೇಕು. ಗ್ರಂಥದ ಮಾತನ್ನು ಯಾರು ಬೇಕಾದರೂ ತೆರೆದು ನೋಡಿ ಸರಿತಪ್ಪು ಹೇಳಬಹುದು. ಒಬ್ಬರ ಅಂತರಂಗದಲ್ಲಿ ಮಾತ್ರ ಕೇಳಿಸಿದ ದನಿಯನ್ನು ಇನ್ನೊಬ್ಬರು ಪರೀಕ್ಷಿಸುವುದು ಹೇಗೆ? ಪರೀಕ್ಷೆಗೆ ಸಿಗದ ಮಾತನ್ನು ಎಲ್ಲರ ಮೇಲಿನ ಪ್ರಮಾಣವೆಂದು ಒಪ್ಪಿದರೆ ನಾಳೆ ಯಾರು ಏನನ್ನಾದರೂ ಹೇಳಬಹುದು. ಬೋಧಕರ ಈ ಆತಂಕ ಹುರುಳಿಲ್ಲದ್ದಲ್ಲ. ಆದರೆ ಅದಕ್ಕೆ ಉತ್ತರವಾಗಿ ಸಭೆಯಲ್ಲಿ ವಾದವಿತ್ತು, ಬುದ್ಧಿಮಾತಿತ್ತು. ನ್ಯಾಯಸಭೆ ಆರಿಸಿಕೊಂಡದ್ದು ಗಡೀಪಾರನ್ನು. ವಿರೋಧಿಸಿ ಕೈಯೆತ್ತಿದವರು ಇಬ್ಬರು. ಒಬ್ಬ ಯಾವ ಪಕ್ಷಕ್ಕೂ ಸೇರಲಿಲ್ಲ. ಯಾವ ಕಾರಣಕ್ಕೆ ಈ ಶಿಕ್ಷೆ ಎಂದು ಆ್ಯನ್ ಕೇಳಿದಾಗ, ಕಾರಣ ನ್ಯಾಯಸಭೆಗೆ ಗೊತ್ತಿದೆ, ಅಷ್ಟು ಸಾಕು ಎಂಬರ್ಥದ ಉತ್ತರ ವಿಂತ್ರಪ್‌ನಿಂದ ಬಂತು. ಕಾರಣ ಕೇಳುವುದನ್ನು ಜನರಿಗೆ ಕಲಿಸಿದವರ ಬಾಯಿಂದಲೇ ಬಂದ ಮಾತು ಇದು!

ಅದೇ ನವೆಂಬರಿನಲ್ಲಿ ಇನ್ನೆರಡು ಆಜ್ಞೆಗಳು ಹೊರಟವು. ಆಕೆಯ ಪಕ್ಷದವರೆಂದು ಹೆಸರಿಸಲಾದ 75 ಗಂಡಸರು ತಮ್ಮ ಬಂದೂಕು, ಕತ್ತಿಗಳನ್ನು ಒಪ್ಪಿಸಬೇಕು. ಹೊಸ ಕಾಲೇಜು ನ್ಯೂಟೌನ್‌ನಲ್ಲೇ ನೆಲೆಗೊಳ್ಳಬೇಕು. ಆ್ಯನ್‌ರ ಪ್ರಭಾವಕ್ಕೆ ಒಳಗಾಗದ ಊರು ಅದಾಗಿತ್ತು. ಮುಂದೆ ಆ ಊರಿಗೆ ಕೇಂಬ್ರಿಜ್ ಎಂದು ಹೆಸರಾಯಿತು. ಓದಿನ ಬೇಲಿಯೂ ದಂಡದ ಬೇಲಿಯೂ ಒಂದೇ ತಿಂಗಳು, ಒಂದೇ ಕೈಯಿಂದ ಎದ್ದವು.

1638ರ ಮಾರ್ಚಿನಲ್ಲಿ ಬಾಸ್ಟನ್ ಸಭೆ ಆ್ಯನ್‌ರನ್ನು ಬಹಿಷ್ಕರಿಸಿತು. ಆಕೆ ಎದ್ದು ಹೊರಟಾಗ ಜೊತೆಗೆ ಎದ್ದು ನಡೆದವಳು ಮೇರಿ ಡೈಯರ್ ಎಂಬ ಗೆಳತಿ. ಹಚಿನ್ಸನ್ ಕುಟುಂಬ ರೋಡ್ ಐಲೆಂಡಿಗೆ ಹೋಗಿ ನೆಲೆಸಿತು. ಗಂಡ ತೀರಿಕೊಂಡ ಮೇಲೆ ಆ್ಯನ್ ಇನ್ನೂ ದೂರ, ಡಚ್ಚರ ಆಡಳಿತದ ಪ್ರದೇಶಕ್ಕೆ ಹೋದರು. 1643ರಲ್ಲಿ ಡಚ್ಚರಿಗೂ ಮೂಲನಿವಾಸಿಗಳಿಗೂ ನಡೆಯುತ್ತಿದ್ದ ಕಾಳಗದ ನಡುವೆ ಅವರೂ ಅವರೊಂದಿಗಿದ್ದ ಮಕ್ಕಳಲ್ಲಿ ಹೆಚ್ಚಿನವರೂ ಹತರಾದರು. ಬದುಕಿ ಉಳಿದವಳು ಸೆರೆಸಿಕ್ಕ ಪುಟ್ಟ ಮಗಳು ಸುಸಾನಾ. ಬಾಸ್ಟನ್ನಿನಲ್ಲಿ ಕೆಲವರು ಇದನ್ನು ದೇವರ ತೀರ್ಪೆಂದು ಬಣ್ಣಿಸಿದರು.

ಕಳೆ ಕೀಳುವವರು ಯಾರು?

ಇದಕ್ಕೂ ಮೊದಲೇ ಅಲ್ಲಿಂದ ಗಡೀಪಾರಾಗಿದ್ದವನು ರೋಜರ್ ವಿಲಿಯಮ್ಸ್. 1635ರ ಅಕ್ಟೋಬರಿನಲ್ಲಿ ತೀರ್ಪಾಗಿ, ಮರುವರ್ಷ ಜನವರಿಯ ಹಿಮದಲ್ಲಿ ಹೊರಟು, ಪ್ರಾವಿಡೆನ್ಸ್ ಎಂಬ ಊರನ್ನು ಕಟ್ಟಿದ. ಗಮನಿಸಬೇಕಾದದ್ದೆಂದರೆ ವಿಲಿಯಮ್ಸ್ ಸಡಿಲ ನಂಬಿಕೆಯವನಲ್ಲ. ಸಿದ್ಧಾಂತದ ಶುದ್ಧಿಯಲ್ಲಿ ಅವನು ವಿಂತ್ರಪ್‌ಗಿಂತ ಒಂದು ಕೈ ಮೇಲೆ. ಸುಳ್ಳು ಬೋಧನೆಯನ್ನು ಮಾತಿನಿಂದ ಎದುರಿಸಬೇಕು, ಸಭೆಯಿಂದ ದೂರವಿಡಬೇಕು ಎಂಬುದು ಅವನಿಗೂ ಒಪ್ಪಿಗೆ. ಆದರೆ ಸರಕಾರದ ಕತ್ತಿ ಅದರಲ್ಲಿ ಕೈಹಾಕಬಾರದು ಎಂದು ಅವನು 1644ರ ತನ್ನ ಗ್ರಂಥದಲ್ಲಿ ವಾದಿಸಿದ.

ಅವನು ಹಿಡಿದ ಆಧಾರ ಕ್ರಿಸ್ತನ ಸಾಮ್ಯ. ಗೋಧಿಯ ಹೊಲದಲ್ಲಿ ವೈರಿಯೊಬ್ಬ ಕಳೆ ಬಿತ್ತಿ ಹೋಗುತ್ತಾನೆ. ಕನ್ನಡ ಸತ್ಯವೇದದಲ್ಲಿ ಆ ಕಳೆಗೆ ‘ಹಣಜಿ’ ಎಂದಿದೆ. ಕಿತ್ತು ಹಾಕೋಣವೇ ಎಂದು ಆಳುಗಳು ಕೇಳಿದರೆ ಯಜಮಾನ ಬೇಡವೆನ್ನುತ್ತಾನೆ. ಕಳೆಯ ಜೊತೆ ಗೋಧಿಯೂ ಕಿತ್ತುಬರುತ್ತದೆ, ಸುಗ್ಗಿಯವರೆಗೆ ಎರಡೂ ಬೆಳೆಯಲಿ ಎನ್ನುತ್ತಾನೆ. ಹೊಲವೆಂದರೆ ಲೋಕ, ಆಳುಗಳಿಗೆ ಕೊಟ್ಟಿಲ್ಲದ ಅಧಿಕಾರವನ್ನು ಗವರ್ನರ್ ತೆಗೆದುಕೊಳ್ಳುವುದು ಹೇಗೆ ಎಂಬುದು ವಿಲಿಯಮ್ಸ್‌ನ ಪ್ರಶ್ನೆ. ಬಲವಂತದಿಂದ ಹುಟ್ಟುವುದು ನಂಬಿಕೆಯಲ್ಲ, ಕಪಟ ಎಂದೂ ಅವನು ಹೇಳಿದ.

1647ರಲ್ಲಿ ಜಾನ್ ಕಾಟನ್ ಇದಕ್ಕೆ ಉತ್ತರ ಬರೆದ. ಯಾರನ್ನೂ ಅವರ ಮನಸ್ಸಾಕ್ಷಿಗಾಗಿ ಶಿಕ್ಷಿಸಬಾರದು ಎಂದು ಅವನೂ ಒಪ್ಪಿದ. ಆದರೆ ಒಂದೆರಡು ಸಲ ಸ್ಪಷ್ಟವಾಗಿ ತಿಳಿಹೇಳಿದ ಮೇಲೂ ಒಬ್ಬ ಮೂಲತತ್ತ್ವಗಳನ್ನು ನಿರಾಕರಿಸಿದರೆ, ಅವನು ತನ್ನ ಮನಸ್ಸಾಕ್ಷಿಗೇ ವಿರುದ್ಧವಾಗಿ ನಡೆಯುತ್ತಿದ್ದಾನೆ. ಶಿಕ್ಷೆ ಅದಕ್ಕಾಗಿ ಎಂದ. ವಾದ ಚತುರವಾದದ್ದು. ಆದರೆ ಇದರಲ್ಲಿ ಪಾಠ ಹೇಳಿದವನೇ ಪರೀಕ್ಷಕ. ಶಿಷ್ಯ ಒಪ್ಪದಿದ್ದರೆ ತಪ್ಪು ಯಾವಾಗಲೂ ಶಿಷ್ಯನದೇ. ಪಾಠವೇ ತಪ್ಪಿರಬಹುದು ಎಂಬ ಸಾಧ್ಯತೆಗೆ ಅಲ್ಲಿ ಜಾಗವಿಲ್ಲ.

ಈ ದಾರಿ ಎಲ್ಲಿಗೆ ಮುಟ್ಟಿತು ಎಂಬುದಕ್ಕೆ ಇತಿಹಾಸವೇ ಸಾಕ್ಷಿ. 1656ರಲ್ಲಿ ಕ್ವೇಕರ್ ಪಂಥದ ಇಬ್ಬರು ಹೆಂಗಸರು ಬಾಸ್ಟನ್ನಿಗೆ ಬಂದಾಗ ಅವರ ಪುಸ್ತಕಗಳನ್ನು ಸುಟ್ಟು ಹಿಂದಕ್ಕೆ ಕಳಿಸಲಾಯಿತು. ಗಡೀಪಾರಾದ ಕ್ವೇಕರರು ಮರಳಿ ಬಂದರೆ ಮರಣದಂಡನೆ ಎಂದು 1658ರಲ್ಲಿ ಕಾನೂನಾಯಿತು. 1659ರಲ್ಲಿ ಇಬ್ಬರು ಗಂಡಸರನ್ನು ಗಲ್ಲಿಗೇರಿಸಿದರು. ಅಂದು ನೇಣುಗಂಬದ ಬಳಿಯೇ ಬಿಡುಗಡೆಯಾದ ಹೆಂಗಸು ಮುಂದಿನ ವರ್ಷ ಮತ್ತೆ ಬಂದಳು. 1660ರ ಜೂನ್ 1ರಂದು ಅವಳನ್ನೂ ಗಲ್ಲಿಗೇರಿಸಿದರು. ಅವಳೇ ಆ್ಯನ್ ಜೊತೆ ಎದ್ದು ನಡೆದಿದ್ದ ಮೇರಿ ಡೈಯರ್. 1661ರಲ್ಲಿ ಇನ್ನೊಬ್ಬನ ಜೀವ ಹೋದ ಮೇಲೆ, ಇಂಗ್ಲೆಂಡಿನ ರಾಜ ಎರಡನೆಯ ಚಾರ್ಲ್ಸ್‌ನ ಆಜ್ಞೆ ಬಂದು ಗಲ್ಲು ನಿಂತಿತು.

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಚಕ್ರ ತಿರುಗಿತ್ತು. ರಾಜನ ಆಳ್ವಿಕೆ ಮರಳಿ, 1662ರ ಕಾನೂನಿನ ವೇಳೆಗೆ ಸುಮಾರು 2000 ಪ್ಯೂರಿಟನ್ ಬೋಧಕರು ತಮ್ಮ ಹುದ್ದೆ ಕಳೆದುಕೊಂಡರು. ಮನೆ ಮನೆಗೆ ಪಾಠ ಹೇಳಿದ ಬ್ಯಾಕ್ಸ್‌ಟರ್ ಕೂಡ ಅವರಲ್ಲೊಬ್ಬ. ಅನುಮತಿಯಿಲ್ಲದೆ ಪ್ರಸಂಗ ಮಾಡಿದ್ದಕ್ಕೆ ಜಾನ್ ಬನಿಯನ್ ಹನ್ನೆರಡು ವರ್ಷ ಸೆರೆಮನೆಯಲ್ಲಿದ್ದ. ಈಗ ಸುಳ್ಳು ಬೋಧಕರೆನಿಸಿಕೊಳ್ಳುವ ಸರದಿ ಅವರದಾಗಿತ್ತು. ಕತ್ತಿ ಸತ್ಯದ ಕೈಯಲ್ಲಿರುವುದಿಲ್ಲ, ಅಧಿಕಾರದಲ್ಲಿರುವವರ ಕೈಯಲ್ಲಿರುತ್ತದೆ ಎಂಬುದನ್ನು ಅವರು ಸ್ವಂತ ಮೈಮೇಲೆ ಅನುಭವಿಸಿ ತಿಳಿದರು.

ಉಳಿದದ್ದು ಯಾವುದು?

ದಂಡದ ಬೇಲಿ ಉಳಿಯಲಿಲ್ಲ. ಓದಿನ ಬೇಲಿ ಉಳಿಯಿತು. 1642ರ ಕಾನೂನಿನಂತೆ ಮಕ್ಕಳಿಗೆ ಓದು ಬರುತ್ತದೆಯೇ ಎಂದು ತಂದೆತಾಯಿಗಳೂ ಯಜಮಾನರೂ ನೋಡಿಕೊಳ್ಳಬೇಕಿತ್ತು. 1647ರ ಕಾನೂನು ಇನ್ನೂ ಮುಂದೆ ಹೋಯಿತು. ಜನರನ್ನು ಗ್ರಂಥಜ್ಞಾನದಿಂದ ದೂರವಿಡುವುದೇ ಸೈತಾನನ ಹಳೆಯ ತಂತ್ರ ಎಂದು ಕಾರಣ ಕೊಟ್ಟು, 50 ಮನೆಗಳಿರುವ ಊರು ಓದುಬರಹ ಕಲಿಸುವ ಮೇಷ್ಟರನ್ನು ನೇಮಿಸಬೇಕು, 100 ಮನೆಗಳಾದರೆ ವ್ಯಾಕರಣ ಶಾಲೆ ತೆರೆಯಬೇಕು ಎಂದಿತು. ಅಮೆರಿಕದ ಸಾರ್ವಜನಿಕ ಶಿಕ್ಷಣದ ಚರಿತ್ರೆ ಬರೆಯುವವರು ಈ ಕಾನೂನನ್ನು ಬಿಟ್ಟು ಬರೆಯಲಾರರು.

ಆದರೆ ಓದು ಕಲಿಸಿದವನು ಓದುಗನ ತೀರ್ಮಾನವನ್ನು ಮೊದಲೇ ಬರೆದಿಡಲಾರ. ಹಾರ್ವರ್ಡಿನ ಮೊದಲ ಅಧ್ಯಕ್ಷ ಹೆನ್ರಿ ಡನ್‌ಸ್ಟರ್ 1640ರಿಂದ ಕಾಲೇಜನ್ನು ಕಟ್ಟಿ ನಿಲ್ಲಿಸಿದವನು. ಗ್ರಂಥವನ್ನು ಓದಿ ಓದಿ, ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದು ಸರಿಯಲ್ಲ ಎಂಬ ನಿರ್ಣಯಕ್ಕೆ ಬಂದ. ವಸಾಹತಿನ ಬೋಧನೆಗೆ ಅದು ನೇರ ವಿರುದ್ಧ. 1654ರಲ್ಲಿ ಅವನು ಹುದ್ದೆ ಬಿಡಬೇಕಾಯಿತು. ಬೇಲಿ ಕಾಯುವವರನ್ನು ತಯಾರಿಸಲು ಕಟ್ಟಿದ ಶಾಲೆಯ ಮುಖ್ಯಸ್ಥನೇ ಹೀಗೆ ಬೇಲಿಯ ಆಚೆಗಾದ.

ಅದೇ ಓದಿನ ಒಂದು ಎಳೆ ಕನ್ನಡ ನಾಡಿಗೂ ಬಂದಿದೆ. ಪ್ಯೂರಿಟನ್ನರ ಉತ್ತರಾಧಿಕಾರಿಗಳಾದ ಕಾಂಗ್ರಿಗೇಶನಲ್ ಪಂಥದವರು ಮುಂದಾಗಿ ನಿಂತು ನಡೆಸಿದ ಲಂಡನ್ ಮಿಷನರಿ ಸೊಸೈಟಿ 1795ರಲ್ಲಿ ಹುಟ್ಟಿತು. ಅದರ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ. ಅವನೂ ಜೊತೆಗಾರರೂ ಶ್ರಮಿಸಿದ ಫಲವಾಗಿ 1831ರಲ್ಲಿ ಕನ್ನಡದ ಪೂರ್ಣ ಸತ್ಯವೇದ ಹೊರಬಂತು. ಸೆರೆಮನೆ ಕಂಡ ಬನಿಯನ್‌ನ ಪ್ರಸಿದ್ಧ ಕೃತಿಯೂ ‘ಯಾತ್ರಿಕನ ಸಂಚಾರ’ ಎಂದು ಹತ್ತೊಂಬತ್ತನೆಯ ಶತಮಾನದಲ್ಲೇ ಕನ್ನಡಕ್ಕೆ ಬಂತು. ಬಂದದ್ದು ಪುಸ್ತಕ ಮತ್ತು ಶಾಲೆ. ಬಾಸ್ಟನ್ನಿನ ಗಡೀಪಾರಿನ ಕಾನೂನು ಹಡಗು ಹತ್ತಲಿಲ್ಲ.

ಸುಳ್ಳು ಬೋಧನೆ ಇಂದಿಗೂ ಇದೆ, ಅದರಿಂದ ಮನೆಗಳು ಹಾಳಾಗುವುದೂ ಇದೆ. ಕಾಯುವುದೇ ಬೇಡ ಎನ್ನುವುದು ಪ್ಯೂರಿಟನ್ನರ ಕಥೆಯಿಂದ ಕಲಿಯಬೇಕಾದ ಪಾಠವಲ್ಲ. ಬೋಧಕನ ಮಾತನ್ನು ಗ್ರಂಥದೊಡನೆ ಹೋಲಿಸಿ ನೋಡು, ಪ್ರಶ್ನೆ ಕೇಳು, ಮನೆಯಲ್ಲಿ ಮಕ್ಕಳೊಡನೆ ಚರ್ಚಿಸು ಎಂಬ ಅವರ ಬುದ್ಧಿಮಾತು ಇಂದಿಗೂ ಹಳತಾಗಿಲ್ಲ. ಆ ಮಾತನ್ನು ನಿಜವಾಗಿ ನಂಬಿದ ಒಬ್ಬ ಹೆಂಗಸು ಎದುರು ನಿಂತಾಗ ಅವರು ತಮ್ಮ ಪಾಠವನ್ನು ತಾವೇ ಮರೆತರು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಬಾಸ್ಟನ್ನಿನ ಶಾಸನಸಭಾ ಭವನದ ಅಂಗಳದಲ್ಲಿ ಈಗ ಆ್ಯನ್ ಹಚಿನ್ಸನ್‌ರ ಪ್ರತಿಮೆಯಿದೆ. 1922ರಲ್ಲಿ ಸಿದ್ಧವಾದ ಅದು ಎದೆಗೆ ಸತ್ಯವೇದವನ್ನು ಅವಚಿಕೊಂಡು ನಿಂತಿದೆ. ಪಕ್ಕದಲ್ಲಿ ಪುಟ್ಟ ಮಗಳಿದ್ದಾಳೆ. ಅದೇ ಅಂಗಳದಲ್ಲಿ ಬೆಂಚಿನ ಮೇಲೆ ಕುಳಿತ ಮೇರಿ ಡೈಯರ್‌ಳ ಪ್ರತಿಮೆಯನ್ನು 1959ರಲ್ಲಿ ಇಟ್ಟರು. ವಿಂತ್ರಪ್ ಕುಳಿತಿದ್ದ ಗವರ್ನರ್ ಹುದ್ದೆಯಲ್ಲಿ 1987ರಲ್ಲಿ ಇದ್ದ ಮೈಕೆಲ್ ಡುಕಾಕಿಸ್, ಆ್ಯನ್‌ರ ಗಡೀಪಾರಿನ ಆಜ್ಞೆಯನ್ನು ವಿಧಿವತ್ತಾಗಿ ರದ್ದು ಮಾಡಿದರು. ತೀರ್ಪು ತಿದ್ದಲು ಮುನ್ನೂರೈವತ್ತು ವರ್ಷ ಹಿಡಿದಿತ್ತು.